ಕೋಚ್ ಬದಲಾದರೆ ಕಾಲೇಜು ಫುಟ್‌ಬಾಲ್ ತಂಡ ಗೆಲ್ಲುತ್ತದೆಯೇ?

ಪ್ರಶ್ನೆ: ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡ ಸೋತರೆ ಮೊದಲು ಮುಖ್ಯ ಕೋಚ್‌ನನ್ನೇ ತೆಗೆಯುತ್ತಾರೆ. ಇದರಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಕೆಲವು ಸಲ ಇದೆ, ಆದರೆ ವಿಶ್ವವಿದ್ಯಾಲಯಗಳು ನಂಬಿಕೊಂಡಿರುವಷ್ಟು ಸಲ ಇಲ್ಲ. 1997ರಿಂದ 2010ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದ ಒಂದು ಅಧ್ಯಯನದ ಪ್ರಕಾರ, ತೀರಾ ಕಳಪೆಯಾಗಿದ್ದ ತಂಡಗಳಿಗೆ ಹೊಸ ಕೋಚ್‌ನಿಂದ ಹೆಚ್ಚಿನ ಲಾಭವಾಗಲಿಲ್ಲ. ಸಾಧಾರಣವಾಗಿ ಆಡುತ್ತಿದ್ದ ತಂಡಗಳಂತೂ ಕೋಚ್ ಬದಲಾದ ಮೇಲೆ ಇನ್ನಷ್ಟು ಹಿಂದೆ ಬಿದ್ದವು.

ಕಾರಣ ಈ ಆಟದ ವ್ಯವಸ್ಥೆಯಲ್ಲೇ ಇದೆ. ಇಲ್ಲಿ ಮುಖ್ಯ ಕೋಚ್ ಆಟ ಹೇಳಿಕೊಡುವುದಷ್ಟೇ ಅಲ್ಲ, ಹೈಸ್ಕೂಲು ಹುಡುಗರ ಮನೆಗೆ ಹೋಗಿ, ತಂದೆತಾಯಿಯರನ್ನು ಒಪ್ಪಿಸಿ, ತನ್ನ ಆಟದ ಶೈಲಿಗೆ ಹೊಂದುವವರನ್ನು ಆರಿಸಿ ತರುತ್ತಾನೆ. ಅವನು ಹೋದರೆ ಸಹಾಯಕರೂ ಶೈಲಿಯೂ ಬದಲಾಗುತ್ತವೆ. ನೆಬ್ರಾಸ್ಕಾ ವಿಶ್ವವಿದ್ಯಾಲಯ 2003ರಲ್ಲಿ ಒಂಬತ್ತು ಪಂದ್ಯ ಗೆದ್ದಿದ್ದ ಕೋಚ್ ಫ್ರ್ಯಾಂಕ್ ಸೋಲಿಚ್ ಅವರನ್ನು ಕೈಬಿಟ್ಟಿತು. ನಂತರ ಬಂದ ಬಿಲ್ ಕ್ಯಾಲಹನ್, ಚೆಂಡು ಹಿಡಿದು ಓಡುವುದಕ್ಕೆಂದು ಆರಿಸಿದ್ದ ಹುಡುಗರಿಂದ ಎಸೆತದ ಆಟ ಆಡಿಸಹೊರಟರು. 2004ರಲ್ಲಿ ಐದು ಗೆಲುವು, ಆರು ಸೋಲು. ಗೆಲುವಿಗಿಂತ ಸೋಲು ಹೆಚ್ಚಾದದ್ದು 1961ರ ನಂತರ ಅದೇ ಮೊದಲು.

ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಲು 2021ರಲ್ಲಿ ಅವಕಾಶ ಸಿಕ್ಕಿದ ಮೇಲೆ ಈ ಲೆಕ್ಕಾಚಾರ ಬಹಳ ಬದಲಾಗಿದೆ. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ, ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದ ಮರುವರ್ಷವೇ 11 ಗೆದ್ದಿತು. ಅವರು ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ತಾವೇ ಪಳಗಿಸಿದ್ದ ಹಲವರನ್ನು ಜೊತೆಗೆ ಕರೆತಂದಿದ್ದರು. ಅದೇ ನಿಯಮದಿಂದ ಪೆಟ್ಟು ತಿಂದದ್ದು ಅಲಬಾಮಾ. ಆರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ನಿಕ್ ಸೇಬನ್ 2024ರ ಜನವರಿಯಲ್ಲಿ ನಿವೃತ್ತರಾದಾಗ, ರಕ್ಷಣಾ ಆಟಗಾರ ಕೇಲೆಬ್ ಡೌನ್ಸ್ ಒಹಾಯೊ ಸ್ಟೇಟ್‌ಗೆ ಹೊರಟುಹೋದರು, 2024ರ ಋತುವಿನ ಪ್ರಶಸ್ತಿಯೂ ಒಹಾಯೊ ಸ್ಟೇಟ್‌ನ ಪಾಲಾಯಿತು. ಸೇಬನ್ ಜಾಗಕ್ಕೆ ಕೇಲನ್ ಡಿಬೋರ್ ಅವರನ್ನು ಬಿಟ್ಟುಕೊಟ್ಟ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗತಿ ಇನ್ನೂ ಕಷ್ಟದ್ದು: ಪ್ರಮುಖ ಆಟಗಾರರಲ್ಲಿ ಅನೇಕರು ವೃತ್ತಿಪರ ಲೀಗ್‌ಗೂ ಹೋದದ್ದರಿಂದ, 2023ರ 14 ಗೆಲುವು ಮರುವರ್ಷ ಆರಕ್ಕೆ ಇಳಿಯಿತು.

ಆದರೂ ಮೊದಲ ವರ್ಷದ ಅಂಕಿ ನೋಡಿ ತೀರ್ಪು ಕೊಡುವುದು ಅನ್ಯಾಯ. ಸೇಬನ್ ಅವರ ಅಲಬಾಮಾ ಕೂಡ ಅವರ ಮೊದಲ ವರ್ಷವಾದ 2007ರಲ್ಲಿ ಏಳು ಗೆದ್ದು ಆರು ಸೋತಿತ್ತು. ತಾವೇ ಆರಿಸಿ ತಂದ ಹುಡುಗರು ಬಲಿತ ಮೇಲೆ, 2009ರಲ್ಲಿ, ಆಡಿದ 14 ಪಂದ್ಯಗಳನ್ನೂ ಗೆದ್ದಿತು.