ಎಂಟು ವಾರ ಧ್ಯಾನ ಮಾಡಿದರೆ ಮೆದುಳು ಬೆಳೆಯುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 66 ವರ್ಷ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದಾರೆ. ಎಂಟು ವಾರ ಧ್ಯಾನ ಮಾಡಿದರೆ ಮೆದುಳೇ ಬೆಳೆಯುತ್ತದೆ, ನೆನಪಿನ ಶಕ್ತಿ ಜಾಸ್ತಿಯಾಗುತ್ತದೆ, ಹಾರ್ವರ್ಡ್‌ನವರೇ ಹೇಳಿದ್ದಾರೆ ಅಂತ ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಇದು ನಿಜವೇ?

ಉತ್ತರ: ಎಂಟು ವಾರಕ್ಕೆ ಮೆದುಳು ಬೆಳೆಯುತ್ತದೆ ಅನ್ನುವ ಮಾತು ದೊಡ್ಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹಾಗಂತ ಅಮ್ಮ ಕೂರುವುದನ್ನು ಬಿಡಬೇಕಾಗಿಲ್ಲ. ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಸಂದೇಶ ಯಾರೋ ಸುಮ್ನೆ ಕಟ್ಟಿದ ಕಥೆಯಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಒಂದು ಧ್ಯಾನದ ತರಗತಿ ಶುರು ಮಾಡಿದರು. ಅದು ಎಂಟು ವಾರದ್ದು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ ಪಾಠ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಮೊದಲ ಪಾಠಕ್ಕೆ ಒಂದು ಒಣದ್ರಾಕ್ಷಿ ಸಾಕು. ಅದನ್ನು ಬೆರಳಲ್ಲಿ ಹೊರಳಿಸಿ, ಸುಕ್ಕು ನೋಡಿ, ಮೂಸಿ, ಆಮೇಲೆ ನಾಲಿಗೆ ಮೇಲಿಟ್ಟು ನಿಧಾನವಾಗಿ ಅಗಿಯಬೇಕು. ನಡುವೆ ಮನಸ್ಸು ಮನೆ ಕಂತಿನ ಕಡೆ ಓಡುತ್ತದೆ. ಓಡಿತು ಅಂತ ಗೊತ್ತಾದಾಗ ಬೈದುಕೊಳ್ಳದೆ ಮತ್ತೆ ದ್ರಾಕ್ಷಿಗೆ ಕರೆತರಬೇಕು. ಮೈಂಡ್‌ಫುಲ್‌ನೆಸ್ ಅಂದರೆ ಇಷ್ಟೇ. ಮಾಡಲು ಹೋದಾಗಲೇ ಅದರ ಕಷ್ಟ ತಿಳಿಯುವುದು.

ಈ ತರಗತಿಗೆ ಸೇರಿದ 16 ಮಂದಿಗೆ ಸಂಶೋಧಕರಾದ ಬ್ರಿಟ್ಟಾ ಹೋಲ್ಜೆಲ್, ಸಾರಾ ಲಾಜಾರ್ ಮತ್ತು ಸಂಗಡಿಗರು ಶುರುವಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಂಆರ್‌ಐ ಮಾಡಿದರು. ಲಾಜಾರ್ ಇರುವುದು ಹಾರ್ವರ್ಡ್‌ಗೆ ಸೇರಿದ ಆಸ್ಪತ್ರೆಯಲ್ಲಿ. ಕಲಿಕೆಗೂ ನೆನಪಿಗೂ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ ಬೂದು ದ್ರವ್ಯ, ಅಂದರೆ ನರಕೋಶಗಳು ದಟ್ಟವಾಗಿರುವ ಅಂಗಾಂಶ, ಹೆಚ್ಚಿತ್ತು ಅಂತ 2011ರಲ್ಲಿ ಪ್ರಕಟಿಸಿದರು. ಅಮ್ಮನ ಫೋನಿಗೆ ಬಂದ ಸಂದೇಶದ ಬೇರು ಇದೇ ಇರಬೇಕು.

ತೊಡಕು ಎಲ್ಲಿದೆ ಅಂದರೆ, 16 ಮಂದಿ ತೀರಾ ಕಡಿಮೆ. ಅವರು ತಾವಾಗಿಯೇ ಬಂದು ಸೇರಿದವರು. ಹೋಲಿಕೆಗೆ ಇಟ್ಟುಕೊಂಡ 17 ಮಂದಿ ಸುಮ್ಮನೆ ಕಾದವರು. ಅವರಿಗೆ ಗುರುವಿಲ್ಲ, ಜೊತೆಗಾರರಿಲ್ಲ, ವಾರವಾರ ಹೋಗಿ ಕೂರುವ ಜಾಗವಿಲ್ಲ. ಫಲ ಕೊಟ್ಟದ್ದು ಧ್ಯಾನವೋ, ಆ ಒಡನಾಟವೋ? ಹೇಳುವುದು ಹೇಗೆ?

ಹೋಲಿಕೆ ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ನಿಮ್ಹಾನ್ಸ್‌ನಲ್ಲಿ 12 ಆರೋಗ್ಯವಂತರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಓಂಕಾರ ಹೇಳಿಸಿದರು. ಆ ಯಂತ್ರದೊಳಗೆ ಮಲಗಿದವರಿಗೆ ಗೊತ್ತು, ಟಕಟಕ ಸದ್ದು, ತಲೆ ಅಲ್ಲಾಡಿಸುವ ಹಾಗಿಲ್ಲ. ಬರೀ ಓಂ ಹೇಳಿಸಿದ್ದರೆ, ಮೆದುಳಿನಲ್ಲಿ ಕಂಡ ಬದಲಾವಣೆ ಉದ್ದ ಉಸಿರು ಬಿಟ್ಟದ್ದಕ್ಕೇ ಆಯಿತಲ್ಲವೇ ಅಂತ ಯಾರಾದರೂ ಕೇಳಬಹುದಿತ್ತು. ಅದಕ್ಕೆ ಅದೇ ಜನರಿಂದ 'ಸ್ಸ್ಸ್' ಅಂತಲೂ ಹೇಳಿಸಿದರು. ಭಯ, ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಓಂ ಹೇಳುವಾಗ ತಗ್ಗಿತು, 'ಸ್ಸ್ಸ್' ಹೇಳುವಾಗ ತಗ್ಗಲಿಲ್ಲ. ಇದೂ ಚಿಕ್ಕ ಅಧ್ಯಯನವೇ. ಅಲ್ಲಿ ಕಂಡದ್ದೂ ಆ ಹೊತ್ತಿನ ಚಟುವಟಿಕೆ, ಮೆದುಳಿನ ಬೆಳವಣಿಗೆಯಲ್ಲ. ಆದರೆ ಆ 'ಸ್ಸ್ಸ್' ನನಗೆ ತುಂಬಾ ಇಷ್ಟ. ಸಂಶೋಧನೆಯ ಜೀವ ಇರುವುದೇ ಅಲ್ಲಿ.

ಎಂಟು ವಾರದ ತರಗತಿಗೂ ಅಂಥದೊಂದು 'ಸ್ಸ್ಸ್' ಬೇಕಿತ್ತು. ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಮೆದುಳಿನ ಸಂಶೋಧಕ ರಿಚರ್ಡ್ ಡೇವಿಡ್‌ಸನ್ ಅವರ ತಂಡ ಅದನ್ನು ಮಾಡಿತು. ಒಂದು ಗುಂಪಿಗೆ ಧ್ಯಾನ. ಇನ್ನೊಂದಕ್ಕೆ ಅಷ್ಟೇ ಹೊತ್ತು ವ್ಯಾಯಾಮ, ಸಂಗೀತ, ಆಹಾರದ ಪಾಠ. ಮೂರನೆಯವರು ಕಾಯುವವರು. ಯಾರು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ. ಎರಡು ಪ್ರಯೋಗ ಸೇರಿ 200ಕ್ಕೂ ಹೆಚ್ಚು ಮಂದಿ. 2022ರಲ್ಲಿ ಬಂದ ಫಲಿತಾಂಶ ಏನೆಂದರೆ, ಮೆದುಳಿನ ರಚನೆಯಲ್ಲಿ ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ. ಡೇವಿಡ್‌ಸನ್ ಧ್ಯಾನದ ವಿರೋಧಿಯಲ್ಲ. ಸ್ವತಃ ಧ್ಯಾನ ಮಾಡುವವರು, 1992ರಲ್ಲಿ ದಲೈ ಲಾಮಾರನ್ನು ಕಂಡ ಮೇಲೆ ಇದನ್ನೇ ತಮ್ಮ ಕೆಲಸವಾಗಿಸಿಕೊಂಡವರು. ತಮಗೆ ಪ್ರಿಯವಾದದ್ದರ ವಿರುದ್ಧ ಬಂದ ಫಲಿತಾಂಶವನ್ನು ಬಚ್ಚಿಡದೆ ಅಚ್ಚು ಹಾಕಿಸಿದರು ಅನ್ನುವುದಕ್ಕೇ ನನಗೆ ಈ ಕ್ಷೇತ್ರದ ಮೇಲೆ ಗೌರವ.

2004ರಲ್ಲಿ ಇದೇ ಪ್ರಯೋಗಾಲಯ, ವರ್ಷಗಟ್ಟಲೆ ಸಾಧನೆ ಮಾಡಿದ ಎಂಟು ಬೌದ್ಧ ಸಾಧಕರಲ್ಲಿ ಮೆದುಳಿನ ಗಾಮಾ ಅಲೆಗಳು, ಅಂದರೆ ವೇಗವಾದ ವಿದ್ಯುತ್ ಅಲೆಗಳು, ಬಹಳ ಬಲವಾಗಿದ್ದುದನ್ನು ತೋರಿಸಿತ್ತು. ಆದರೆ ಅವರು ಕೂತದ್ದು 10,000ದಿಂದ 50,000 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಲೆಕ್ಕ ಹಾಕಿದರೆ 10,000 ಗಂಟೆಗೇ 27 ವರ್ಷ ಬೇಕು. ಎಂಟು ವಾರಕ್ಕೂ ಅದಕ್ಕೂ ಎಲ್ಲಿಂದೆಲ್ಲಿಗೆ, ಅಲ್ವಾ?

ಹಾಗಾದರೆ ಲಾಭವೇ ಇಲ್ಲವೇ? ಇದೆ, ಮನಸ್ಸಿನ ಮಟ್ಟದಲ್ಲಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 47 ಪ್ರಯೋಗಗಳನ್ನು, ಒಟ್ಟು 3,515 ಜನರನ್ನು, ಒಟ್ಟಿಗೆ ಇಟ್ಟು 2014ರಲ್ಲಿ ಲೆಕ್ಕ ಹಾಕಿದರು. ಆತಂಕ, ಖಿನ್ನತೆ, ನೋವು ಸ್ವಲ್ಪ ಮಟ್ಟಿಗೆ ಇಳಿದಿದ್ದವು. ನಿದ್ದೆ, ತೂಕ, ಏಕಾಗ್ರತೆಗೆ ಗಟ್ಟಿ ಪುರಾವೆ ಸಿಗಲಿಲ್ಲ. ವ್ಯಾಯಾಮ, ಔಷಧಿಗಳಿಗಿಂತ ಧ್ಯಾನ ಮೇಲು ಅಂತಲೂ ಕಾಣಲಿಲ್ಲ. ಎಲ್ಲರಿಗೂ ಒಗ್ಗುತ್ತದೆ ಅಂತಲೂ ಇಲ್ಲ. ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು ಧ್ಯಾನದಿಂದ ಭಯ, ನಿದ್ರಾಹೀನತೆ ಅನುಭವಿಸಿದವರ ಮಾತನ್ನೂ ದಾಖಲಿಸಿದ್ದಾರೆ. ಕೂತಾಗಲೆಲ್ಲ ಎದೆ ಹೊಡೆದುಕೊಂಡು ಗಾಬರಿಯಾದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಬೇಕು.

ಅಮ್ಮ ಎದ್ದ ಮೇಲೆ ಹಗುರವಾಗಿದ್ದರೆ, ಖುಷಿಯಾಗಿ ಮುಂದುವರಿಸಲಿ. ಆದರೆ ನೆನಪಿನ ಚಿಂತೆ ಬೇರೆ. ಒಲೆ ಆರಿಸುವುದು, ಗೊತ್ತಿರುವವರ ಹೆಸರು ಪದೇ ಪದೇ ಮರೆಯುತ್ತಿದ್ದರೆ ಧ್ಯಾನದಿಂದ ಸರಿಹೋಗಲಿ ಅಂತ ಕಾಯಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಅದನ್ನು ಒಂದು ರಕ್ತಪರೀಕ್ಷೆಯಲ್ಲೇ ಕಂಡುಹಿಡಿಯಬಹುದು.