ಮೊದಲು ಒಡೆದ ಅಂಚು ನೋಡಿ

ಬಳ್ಳಾರಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಬ್ಯಾಂಕಿನವರಿದ್ದಾರೆ, ಮೇಷ್ಟ್ರಿದ್ದಾರೆ, ಔಷಧಿ ಅಂಗಡಿಯವರಿದ್ದಾರೆ. ಎಲ್ಲರಿಗೂ ಹಳೇ ಪಿಂಗಾಣಿ ಅಂದರೆ ಪ್ರಾಣ. ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳನ್ನು ತೊಳೆದು, ಅಳೆದು, ಚಿತ್ರ ಬರೆದಿಡುವುದು ನನ್ನ ಕೆಲಸ. ಹಾಗಾಗಿ "ಸರ್, ಇದು ಎಷ್ಟು ಹಳೇದು?" ಅನ್ನುವ ಪ್ರಶ್ನೆ ನನಗೇ ಬರುತ್ತದೆ.

ಹೋದ ತಿಂಗಳು ಮೇಷ್ಟ್ರು ನೀಲಿ ಬಳ್ಳಿಯ ಬಟ್ಟಲೊಂದನ್ನು ತಂದಿದ್ದರು. ತಳದಲ್ಲಿ ಆರು ಚೀನೀ ಅಕ್ಷರ. ಚೀನಾದ ಮಿಂಗ್ ವಂಶದ ದೊರೆ ಷುವಾಂಡೆಯ ಕಾಲದ್ದು, ಅಂದರೆ 1426ರಿಂದ 1435ರ ಒಳಗಿನದು ಎಂದು ಅದರ ಅರ್ಥ. ಆದರೆ ತಳದ ಬರಹವನ್ನೇ ನಂಬಬೇಡಿ. ಹಳೇ ದೊರೆಗಳ ಹೆಸರನ್ನು ಮುಂದಿನ ಕಾಲದ ಕುಂಬಾರರೂ ಬರೆಯುತ್ತಿದ್ದರು. ಬಟ್ಟಲನ್ನು ತಿರುಗಿಸುತ್ತಾ ಹೋದೆ. ಒಂದು ಕಡೆ ಬಳ್ಳಿ ತುಂಡಾಗಿ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಮುಂದುವರಿದಿತ್ತು. ಕುಂಚ ಹಾಗೆ ಹೋಗುವುದಿಲ್ಲ. ಅದು ಅಚ್ಚಿನ ಚಿತ್ರ, ತೀರಾ ಈಚಿನದು. ಮೇಷ್ಟ್ರ ಮುಖ ಸಪ್ಪಗಾಯಿತು. ನನಗೂ ಬೇಜಾರಾಯಿತು.

ನಿಜವಾದ ಪಾಠ ಒಡೆದ ಅಂಚಿನಲ್ಲಿದೆ. ಅಲ್ಲಿ ಒಂದು ಹನಿ ನೀರು ಬಿಡಿ. ನಮ್ಮ ಮಣ್ಣಿನ ಮಡಕೆಯಾದರೆ ತಕ್ಷಣ ಹೀರಿಕೊಳ್ಳುತ್ತದೆ. ಪಿಂಗಾಣಿಯ ಮೇಲೆ ಹನಿ ಹಾಗೇ ಕೂತಿರುತ್ತದೆ. ಕಯೋಲಿನ್ ಅನ್ನುವ ಬಿಳಿ ಮಣ್ಣಿಗೆ ಕಲ್ಲಿನ ಪುಡಿ ಸೇರಿಸಿ ಸುಮಾರು 1300 ಡಿಗ್ರಿಯಲ್ಲಿ ಸುಟ್ಟಾಗ ಒಳಗೆಲ್ಲಾ ಗಾಜಿನಂತೆ ಬೆಸೆದುಹೋಗುತ್ತದೆ, ಅದಕ್ಕೆ. ನೀಲಿ ಬಣ್ಣ ಕೋಬಾಲ್ಟ್‌ನದು. ಅದನ್ನು ಬಳಿದ ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಕೊಡುವುದರಿಂದ ಬೆರಳಾಡಿಸಿದರೆ ಗೆರೆ ತಾಗುವುದಿಲ್ಲ.

ಇಂಥ ಚೀನಾ ಪಿಂಗಾಣಿ ಚೂರುಗಳು ಹಂಪಿಯ ಉತ್ಖನನದಲ್ಲೂ ಸಿಕ್ಕಿವೆ. ಒಮ್ಮೆ ಉಗುರಗಲದ ಬಾಯಂಚಿನ ಚೂರೊಂದನ್ನು ಅಳೆದಿದ್ದೆ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಅಂಚನ್ನು ಬೋರಲಾಗಿಟ್ಟು, ಯಾವ ವೃತ್ತಕ್ಕೆ ಕೂಡುತ್ತದೆ ಅಂತ ನೋಡಬೇಕು. ಕೂಡಿತು ಅಂದರೆ ಇಡೀ ಬಟ್ಟಲಿನ ಅಗಲ ಕೈಗೆ ಸಿಕ್ಕಿತು. ಸಮುದ್ರ ದಾಟಿ ಬಂದು ಯಾರದೋ ಊಟಕ್ಕೆ ಒದಗಿದ ಬಟ್ಟಲು ಕಣ್ಣ ಮುಂದೆ ಬರುತ್ತದೆ!

ಅದಕ್ಕೇ ಗೆಳೆಯರಿಗೆ ಕೈಮುಗಿದು ಹೇಳುವುದು: ಹಂಪಿ, ಆನೆಗೊಂದಿ, ಮಸ್ಕಿ, ಎಲ್ಲೇ ಆಗಲಿ, ನೆಲದ ಮೇಲಿನ ಚೂರನ್ನು ಜೇಬಿಗಿಳಿಸಬೇಡಿ. ಯಾವ ಮನೆಯಲ್ಲಿ, ಯಾವ ಮಣ್ಣಿನ ಪದರದಲ್ಲಿ ಇತ್ತು ಅನ್ನುವುದೇ ಅದರ ಅರ್ಧ ಮಾತು. ಎತ್ತಿಕೊಂಡರೆ ಸುಮ್ನೆ ಒಂದು ಚೂರು, ಅಷ್ಟೇ. ಕಾನೂನೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಇನ್ನೊಂದು ಮಾತು. ಏಷ್ಯಾದ ಮಡಕೆ ಅಂದರೆ ಚೀನಾ, ಜಪಾನ್ ಅಷ್ಟೇ ಅಲ್ಲ ಅಲ್ವಾ? ಮಸ್ಕಿಯಲ್ಲಿ 1954ರ ಉತ್ಖನನದಲ್ಲಿ ಸಿಕ್ಕ ಕಪ್ಪು ಕೆಂಪು ಮಡಕೆಗಳನ್ನೇ ನೋಡಿ. ಇಂಥವನ್ನು ಬೋರಲು ಹಾಕಿ ಸುಟ್ಟರೆ ಒಳಗೂ ಬಾಯಿಗೂ ಗಾಳಿ ಸಿಗದೆ ಕಪ್ಪಾಗುತ್ತದೆ, ಹೊರಗೆ ಕೆಂಪಾಗುತ್ತದೆ. ಒಂದೇ ಮಣ್ಣು, ಎರಡು ಬಣ್ಣ. ನನಗಂತೂ ಮಿಂಗ್ ಬಟ್ಟಲಿಗಿಂತ ಇದರ ಮೇಲೇ ಪ್ರೀತಿ ಜಾಸ್ತಿ.

ಈ ಭಾನುವಾರ ಮೇಷ್ಟ್ರು ಬರಿಗೈಲಿ ಬಂದರು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. ಅವರ ಅಮ್ಮನ ಉಪ್ಪಿನಕಾಯಿ ಜಾಡಿಯ ಚಿತ್ರ. ಬಾಯಗಲ, ಎತ್ತರ, ಕಂದು ಗ್ಲೇಜ್ ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನೆಲ್ಲಾ ಗುರುತು ಮಾಡಿದ್ದರು. ಕೆಳಗೆ ಪೆನ್ಸಿಲಿನಲ್ಲಿ, "ಅಜ್ಜಿ ಸಿರುಗುಪ್ಪದ ಸಂತೆಯಲ್ಲಿ ಕೊಂಡದ್ದು" ಎಂದು ಬರೆದಿತ್ತು.