ಎರಡೇ ಗುಂಡಿಯ ಬೇಸ್

ನನ್ನ ರಿಪೇರಿ ಅಂಗಡಿಯಲ್ಲಿ ತಂಬೂರಿ, ಹಾರ್ಮೋನಿಯಂ, ಗಿಟಾರುಗಳು ಒಂದೇ ಮೇಜಿನ ಮೇಲೆ ಸರದಿ ಕಾಯುತ್ತವೆ. ಹುಬ್ಬಳ್ಳಿಯಲ್ಲಿ ವಾದ್ಯ ದುರಸ್ತಿಯನ್ನೇ ನಂಬಿ ಬದುಕುವವನು ಒಂದೇ ಬಗೆಯ ವಾದ್ಯಕ್ಕೆ ಅಂಟಿಕೊಂಡರೆ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ. ಕಳೆದ ಮಳೆಗಾಲದಲ್ಲಿ ಧಾರವಾಡದ ನಾಲ್ವರು ಕಾಲೇಜು ಹುಡುಗರು ಐದು ತಂತಿಯ ಹೊಚ್ಚ ಹೊಸ ಬೇಸ್ ಗಿಟಾರೊಂದನ್ನು ತಂದು ಆ ಮೇಜಿನ ಮೇಲೆ ಮಲಗಿಸಿದರು. ಅವರದು ಪಂಕ್ ಎಂಬ ವೇಗದ, ಒರಟು ರಾಕ್ ಸಂಗೀತದ ಟ್ರಿಬ್ಯೂಟ್ ಬ್ಯಾಂಡ್. 1970ರ ದಶಕದ ನ್ಯೂಯಾರ್ಕ್ ಮತ್ತು ಲಂಡನ್ನಿನ ಪಂಕ್ ಹಾಡುಗಳನ್ನು, ಮುಖ್ಯವಾಗಿ ರಮೋನ್ಸ್ ಮತ್ತು ಕ್ಲ್ಯಾಶ್ ತಂಡಗಳವನ್ನು, ಮೂಲದಲ್ಲಿ ಇದ್ದ ಹಾಗೆಯೇ ನುಡಿಸಬೇಕೆಂಬುದು ಅವರ ಹಟ. ಬೇಸಿನ ಮೈಮೇಲೆ ನಾದ ತಿದ್ದುವ ಐದು ಗುಂಡಿಗಳಿದ್ದವು, ಬೆನ್ನಿನಲ್ಲಿ 9 ವೋಲ್ಟಿನ ಬ್ಯಾಟರಿಯಿತ್ತು, ಮರಕ್ಕೆ ಕನ್ನಡಿಯಂಥ ಪಾಲಿಶ್ ಇತ್ತು. "ಇದರಾಗ ಎಲ್ಲಾ ಅದರೀ, ಆದ್ರ ಗಿಟಾರ್ ಶುರು ಆತಂದ್ರ ನನ್ನದು ಕೇಳಸಂಗೇ ಇಲ್ಲ" ಎಂಬುದು ಬೇಸ್ ನುಡಿಸುವ ಹುಡುಗನ ದೂರು.

ವಾದ್ಯದಲ್ಲಿ ದೋಷವೇನೂ ಇರಲಿಲ್ಲ. ಸಾಮಾನ್ಯ ನಾಲ್ಕು ತಂತಿಯ ಬೇಸಿನ ದಪ್ಪ ತಂತಿಯನ್ನು ಒತ್ತದೆ ಮೀಟಿದಾಗ ಹುಟ್ಟುವ ಇ ಸ್ವರಕ್ಕೆ ಸೆಕೆಂಡಿಗೆ ಸುಮಾರು 41 ಕಂಪನಗಳು. ಗಿಟಾರಿನ ಅದೇ ಹೆಸರಿನ ದಪ್ಪ ತಂತಿಗೆ 82. ನಮ್ಮ ಕಡೆಯ ಕಾಲೇಜು ಗ್ಯಾದರಿಂಗಿಗೋ ಗಣೇಶನ ಪೆಂಡಾಲಿಗೋ ಬಾಡಿಗೆಗೆ ಬರುವ ಸ್ಪೀಕರುಗಳಲ್ಲಿ 41 ಕಂಪನದ ಸ್ವರವನ್ನು ಗಟ್ಟಿಯಾಗಿ ಹೊರಡಿಸಬಲ್ಲವು ಅಪರೂಪ. ತಂಬೂರಿಯ ಖರ್ಜದ ತಂತಿಯಿಂದ ಗಾಂಧಾರ ತಾನಾಗಿ ಮೇಲೇಳುವ ಹಾಗೆ, ಬೇಸಿನ ತಂತಿಯಿಂದಲೂ ಸ್ವಯಂಭೂ ಸ್ವರಗಳು ಏಳುತ್ತವೆ, ಮತ್ತು ಪೆಂಡಾಲಿನ ಕೊನೆಯ ಸಾಲಿನಲ್ಲಿ ನಿಂತವನು ಬೇಸ್ ಎಂದು ಗುರುತಿಸುವುದು ಬಹುಪಾಲು ಆ ಮೇಲಿನ ಸ್ವರಗಳನ್ನೇ. ಅವು ನಡುವಿನ ಪಟ್ಟಿಯಲ್ಲಿ, ಅಂದಾಜು 200ರಿಂದ 800 ಕಂಪನಗಳ ಒಳಗೆ, ತುಂಬಿಕೊಂಡಿರುತ್ತವೆ. ನಮ್ಮ ಹುಡುಗ ಕೆಳಗಿನ ಸ್ವರಗಳ ಗುಂಡಿಯನ್ನೂ ಮೇಲಿನ ಸ್ವರಗಳ ಗುಂಡಿಯನ್ನೂ ಪೂರ್ತಿ ಏರಿಸಿ, ನಡುವಿನದನ್ನು ಪೂರ್ತಿ ಇಳಿಸಿದ್ದ. ಒಬ್ಬನೇ ಕೋಣೆಯಲ್ಲಿ ಕುಳಿತು ನುಡಿಸುವಾಗ ಆ ನಾದ ಬಹಳ ಶ್ರೀಮಂತವಾಗಿ ಕೇಳುತ್ತದೆ. ಒಡಕು ದನಿಯ ಪಂಕ್ ಗಿಟಾರು ಪಕ್ಕದಲ್ಲಿ ಎದ್ದ ಕ್ಷಣದಲ್ಲಿ ಅದು ಉಳಿಯುವುದಿಲ್ಲ.

ಆ ಕಾಲದ ಪಂಕ್ ತಂಡಗಳ ಫೋಟೋಗಳನ್ನು ನೋಡಿದರೆ ಒಂದೇ ಮಾದರಿಯ ಬೇಸ್ ಮತ್ತೆ ಮತ್ತೆ ಕಾಣಿಸುತ್ತದೆ. ರಮೋನ್ಸ್ ತಂಡದ ಡೀ ಡೀ ರಮೋನ್, ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಷಸ್, ಕ್ಲ್ಯಾಶ್‌ನ ಪಾಲ್ ಸಿಮೊನನ್, ಸ್ಟ್ರ್ಯಾಂಗ್ಲರ್ಸ್‌ನ ಝಾಂ ಝಾಕ್ ಬರ್ನೆಲ್, ಇವರೆಲ್ಲರ ಕೈಯಲ್ಲಿದ್ದದ್ದು ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸ್. ಜ್ಯಾಮ್ ತಂಡದ ಬ್ರೂಸ್ ಫಾಕ್ಸ್‌ಟನ್ ಮೊದಲು ರಿಕನ್‌ಬ್ಯಾಕರ್ ನುಡಿಸುತ್ತಿದ್ದರೂ ಮುಂದೆ ಪ್ರಿಸಿಶನ್ ಕಡೆಗೇ ಬಂದರು. ಲಿಯೋ ಫೆಂಡರ್ 1951ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಪಂಕ್ ಹುಟ್ಟಲು ಇನ್ನೂ ಇಪ್ಪತ್ತು ವರ್ಷಗಳ ಮೇಲಿತ್ತು. ನೆಕ್ಕಿಗೆ, ಅಂದರೆ ವಾದ್ಯದ ಕತ್ತಿಗೆ, ಅಡ್ಡಲಾಗಿ ಕೂರಿಸುವ ಫ್ರೆಟ್ ಎಂಬ ಲೋಹದ ಗೆರೆಗಳಿಲ್ಲದ, ನೆಲಕ್ಕೂರಿ ನುಡಿಸುವ ದೊಡ್ಡ ಡಬಲ್ ಬೇಸಿನಲ್ಲಿ ಸ್ವರಸ್ಥಾನವನ್ನು ಕಿವಿಯಿಂದ ಹುಡುಕಬೇಕಿತ್ತು, ಇದರಲ್ಲಿ ಫ್ರೆಟ್ಟುಗಳ ನಡುವೆ ಬೆರಳಿಟ್ಟರೆ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಪ್ರಿಸಿಶನ್, ಅಂದರೆ ಕರಾರುವಾಕ್ಕು, ಎಂಬ ಹೆಸರು ಬಂದದ್ದು ಅದರಿಂದಲೇ. 1957ರಲ್ಲಿ ಅದರ ಪಿಕಪ್ಪನ್ನು, ಅಂದರೆ ತಂತಿಯ ಕಂಪನವನ್ನು ಕರೆಂಟಾಗಿಸುವ ಅಯಸ್ಕಾಂತ ಮತ್ತು ಸುರುಳಿಯನ್ನು, ಎರಡು ತುಂಡು ಮಾಡಿ, ಒಂದನ್ನು ದಪ್ಪ ತಂತಿಗಳೆರಡರ ಕೆಳಗೂ ಇನ್ನೊಂದನ್ನು ಸಣ್ಣ ತಂತಿಗಳೆರಡರ ಕೆಳಗೂ ಸ್ವಲ್ಪ ಹಿಂದೆ ಮುಂದೆ ಕೂರಿಸಿದರು. ಪಂಕ್ ಬೇಸಿನ ನಾದ ಎಂದು ನಾವು ಗುರುತಿಸುವುದು ಈ ಒಡೆದ ಪಿಕಪ್ಪಿನದು. ಅದರ ಬಲ ಇರುವುದು ನಾನು ಮೇಲೆ ಹೇಳಿದ ನಡುವಿನ ಪಟ್ಟಿಯಲ್ಲಿಯೇ. ಗುಂಡಿಗಳು ಎರಡೇ: ಒಂದು ದನಿಗೆ, ಇನ್ನೊಂದು ಟೋನಿಗೆ. ನಡುವಿನ ಸ್ವರಗಳನ್ನು ಕೆಡಿಸಿಕೊಳ್ಳಬೇಕೆಂದರೂ ಅದಕ್ಕೊಂದು ಗುಂಡಿ ಅಲ್ಲಿಲ್ಲ, ಬ್ಯಾಟರಿಯೂ ಇಲ್ಲದ್ದರಿಂದ ಹಾಡಿನ ನಡುವೆ ಅದು ತೀರಿಹೋಗುವ ಪ್ರಸಂಗವೂ ಬರುವುದಿಲ್ಲ.

ಎರಡು ತುಂಡಿನ ಪಿಕಪ್ಪಿಗೆ ಇನ್ನೊಂದು ಗುಣವಿದೆ, ಅದು ನಮ್ಮ ಊರಿನ ಕರೆಂಟಿಗೆ ನೇರವಾಗಿ ಸಂಬಂಧಿಸಿದ್ದು. ಎರಡು ಸುರುಳಿಗಳ ಸುತ್ತುವಿಕೆಯೂ ಅಯಸ್ಕಾಂತದ ದಿಕ್ಕೂ ಒಂದಕ್ಕೊಂದು ಉಲ್ಟಾ ಇರುವುದರಿಂದ, ವೈರಿಂಗಿನಿಂದಲೂ ಟ್ಯೂಬ್‌ಲೈಟಿನಿಂದಲೂ ಬರುವ ಗುಂಯ್‌ಗುಡುವಿಕೆ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿದು ಅಳಿಸಿಹೋಗುತ್ತದೆ. 1960ರಲ್ಲಿ ಬಂದ ಫೆಂಡರ್ ಜಾಝ್ ಬೇಸಿನಲ್ಲಿ ಎರಡು ಬೇರೆ ಬೇರೆ ಪಿಕಪ್ಪುಗಳಿದ್ದು, ಎರಡನ್ನೂ ಸಮನಾಗಿ ತೆರೆದಾಗ ಮಾತ್ರ ಗುಂಯ್ ನಿಲ್ಲುತ್ತದೆ. ಹಾಗೆ ತೆರೆದರೆ ನಡುವಿನ ಸ್ವರಗಳು ಸ್ವಲ್ಪ ಟೊಳ್ಳಾಗುತ್ತವೆ, ಒಂದನ್ನು ಇಳಿಸಿದರೆ ಗುಂಯ್ ಮರಳುತ್ತದೆ. ಈ ಹುಡುಗರು ಒಂದು ವಾರ ಯಾರಿಂದಲೋ ಜಾಝ್ ಮಾದರಿಯ ಬೇಸ್ ಕಡ ತಂದು ತಮ್ಮ ತಾಲೀಮು ಕೋಣೆಯಲ್ಲಿ ನುಡಿಸಿದರು, ನಾನೂ ನೋಡಲು ಹೋಗಿದ್ದೆ. ಬೇಸ್ ಹುಡುಗನ ತಂದೆ ಖ್ಯಾಲ್ ಹಾಡುವವರು, ಮನೆಯಲ್ಲಿ ಪಾಠ ಹೇಳುವವರು. ಅರ್ಧ ತಾಸು ಸುಮ್ಮನೆ ಕುಳಿತಿದ್ದ ಅವರು ನನ್ನ ಕಡೆ ಬಗ್ಗಿ, "ಆ ಗುಂಯ್ ಅನ್ನೂದು ಒಂದು ಸುರ ಅದ, ನಮ್ಮ ಹುಡುಗ ಬಾರಸೂದು ಇನ್ನೊಂದು ಸುರ ಅದ ನೋಡ್ರಿ, ಎರಡೂ ಕೂಡವಲ್ಲವು" ಎಂದರು. ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಇ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿಗುವ ಜಿ ಸ್ವರಕ್ಕೆ 49 ಕಂಪನಗಳು. ಎರಡೂ ಒಟ್ಟಿಗೆ ಮೊಳಗಿದಾಗ ಸೆಕೆಂಡಿಗೊಮ್ಮೆ ನಾದ ಉಬ್ಬಿ ತಗ್ಗುತ್ತದೆ, ಶ್ರುತಿ ಸೇರದ ಎರಡು ತಂಬೂರಿಗಳ ಹಾಗೆ. ಜಿ ಸ್ವರದ ಮೇಲೆ ನಿಂತ ಹಾಡಿನಲ್ಲಂತೂ ಇದನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಗುಂಯ್ ನಿಲ್ಲಿಸಲು ದನಿ ಹಿಗ್ಗಿಸುವ ಆಂಪಿನ ಪ್ಲಗ್ಗಿನಿಂದ ಅರ್ಥಿಂಗಿನ ದಪ್ಪ ಪಿನ್ನನ್ನು ಕಿತ್ತುಹಾಕುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು: ಆಂಪಿನೊಳಗೆ ಏನಾದರೂ ಕೆಟ್ಟರೆ ತಂತಿಗೂ ಕರೆಂಟು ಬರುತ್ತದೆ, ತುಟಿ ಮೈಕಿಗೆ ತಗುಲಿದ ಹೊತ್ತಿನಲ್ಲಿ ಅದು ಜೀವಕ್ಕೇ ಬರಬಹುದು.

ಹಾಗಾದರೆ ಎಂಥದ್ದನ್ನು ಕೊಳ್ಳಬೇಕು? ಮುಂದೆ ಯಾವುದನ್ನು ಸುಲಭವಾಗಿ ಬದಲಾಯಿಸಲು ಬರುವುದಿಲ್ಲವೋ ಅದನ್ನು ಮೊದಲು ನೋಡಿರಿ ಎಂದು ನಾನು ಹೇಳುತ್ತೇನೆ. ತಂತಿ ಬದಲಾಗುತ್ತದೆ, ಪಿಕಪ್ ಬದಲಾಗುತ್ತದೆ, ಗುಂಡಿಯ ಹಿಂದಿನ ಬಿಡಿಭಾಗಗಳು ಕೆಲವೇ ನೂರು ರೂಪಾಯಿಯ ಮಾತು. ಬಣ್ಣವೂ ಹಾಗೆಯೇ, ಡೀ ಡೀ ಮತ್ತು ಸಿಡ್ ಇಬ್ಬರದೂ ಬಿಳಿಯ ಬೇಸ್ ಆದ್ದರಿಂದ ಟ್ರಿಬ್ಯೂಟ್ ತಂಡಕ್ಕೆ ಬಿಳಿಯದೇ ಬೇಕೆನ್ನುವುದು ನನಗೆ ಅರ್ಥವಾಗುತ್ತದೆ, ನಾಟಕದವರು ವೇಷದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ತಪ್ಪೇನಲ್ಲ, ಆದರೆ ಆ ಬಣ್ಣವನ್ನು ಆಮೇಲೂ ಬಳಿಯಬಹುದು. ಸುಲಭವಾಗಿ ಬದಲಾಯಿಸಲಾಗದ್ದು ನೆಕ್ಕಿನ ಗುಣ, ಒಟ್ಟು ತೂಕ, ಮತ್ತು ಹೆಗಲಿಗೆ ಪಟ್ಟಿ ಹಾಕಿ ನಿಂತಾಗ ವಾದ್ಯ ತೂಗುವ ರೀತಿ.

ನೆಕ್ಕಿನ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನನ್ನ ಬಳಿ ಬರುವ ಹೆಚ್ಚಿನ ದೂರುಗಳು ಅದರದೇ. ನಾಲ್ಕು ತಂತಿಗಳು ಸೇರಿ ಹತ್ತಿರ ಹತ್ತಿರ 75 ಕಿಲೋ ಭಾರದ ಎಳೆತವನ್ನು ಹಗಲು ರಾತ್ರಿ ನೆಕ್ಕಿನ ಮೇಲೆ ಹಾಕುತ್ತವೆ. ಅದಕ್ಕೆ ಎದುರಾಗಿ ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಮರ ಒಂದು ಕಡೆಗೂ ಮಾರ್ಚ್-ಏಪ್ರಿಲಿನ ಒಣ ಬಿಸಿಲಿಗೆ ಇನ್ನೊಂದು ಕಡೆಗೂ ವಾಲುತ್ತದೆ. ಹಳೆಯ ಬೇಸ್ ಕೊಳ್ಳುವವರು ಅದರ ಬುಡವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೇಗಿಲ ಈಸಿನ ಓರೆ ನೋಡುವ ಬಡಿಗನ ಹಾಗೆ, ನೆಕ್ಕಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಬೇಕು. ಬಾಗು ಇದ್ದರೆ ಅಡ್ಡಿಯಿಲ್ಲ, ಅದನ್ನು ಸರಳಿನಿಂದ ತಿದ್ದಬಹುದು. ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದ್ದರೆ ಮಾತ್ರ ನಮಸ್ಕಾರ ಹೇಳಿ ಹೊರಡಬೇಕು. ಸರಳಿನ ನಟ್ಟನ್ನು ಹಿಂದಿನ ಮಾಲೀಕ ಆಗಲೇ ಕೊನೆಯವರೆಗೆ ಬಿಗಿದಿದ್ದಾನೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಅಂಥ ಬೇಸಿಗೆ ಮುಂದಿನ ಮಳೆಗಾಲಕ್ಕೆ ಉಪಾಯ ಉಳಿದಿರುವುದಿಲ್ಲ. ನಟ್ಟನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಮೊದಲ ಮತ್ತು ಕೊನೆಯ ಫ್ರೆಟ್ಟುಗಳಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಎಂಟನೆಯ ಫ್ರೆಟ್ಟಿನ ಮೇಲೆ ಸುಮಾರು 0.3 ಮಿಲಿಮೀಟರ್ ಸಂದು ಉಳಿಯಬೇಕು, ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು.

ತೂಕ ನಾಲ್ಕು ಕಿಲೋದ ಆಸುಪಾಸಿನಲ್ಲಿದ್ದರೆ ಸಾಕು. ಪಟ್ಟಿ ಹಾಕಿಕೊಂಡು ಎರಡೂ ಕೈ ಬಿಟ್ಟು ಹತ್ತು ಎಣಿಸಿ ನೋಡಿರಿ: ತಲೆಯ ಭಾಗ ನೆಲದ ಕಡೆ ಇಳಿದರೆ ಎಡಗೈ ಸ್ವರ ಒತ್ತುವುದನ್ನು ಬಿಟ್ಟು ವಾದ್ಯ ಹೊರುವ ಕೆಲಸಕ್ಕೆ ನಿಲ್ಲುತ್ತದೆ. ಪಂಕ್ ಬೇಸನ್ನು ಮೊಣಕಾಲಿನ ತನಕ ಇಳಿಬಿಟ್ಟು ನುಡಿಸುವುದು ರೂಢಿ. ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ, ಎಡ ಮಣಿಕಟ್ಟಿಗೆ ಮಾತ್ರ ಅದು ಶಿಕ್ಷೆ. ನಾಲ್ಕು ಬೆರಳಿನಷ್ಟು ಮೇಲೆತ್ತಿಕೊಂಡರೆ ಪ್ರೇಕ್ಷಕರಲ್ಲಿ ಯಾರೂ ಅಳತೆ ಹಿಡಿದು ನೋಡುವುದಿಲ್ಲ. ಬೆರಳು ಗಿಡ್ಡವಿರುವವರು 34 ಇಂಚಿನ ಪೂರ್ಣ ಅಳತೆಯನ್ನು ಬಿಟ್ಟು 30 ಇಂಚಿನದಕ್ಕೆ ಹೋಗಬಹುದು, ಆದರೆ ತಂತಿಯ ಬಿಗಿ ಕಡಿಮೆಯಾಗಿ ಜೋರಾದ ಮೀಟಿಗೆ ಸ್ವರ ಸ್ವಲ್ಪ ಅಲುಗುತ್ತದೆ.

ಆ ಮೀಟು ಎಷ್ಟು ಜೋರು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಆಯ್ಕೆ ತಾನೇ ಸ್ಪಷ್ಟವಾಗುತ್ತದೆ. 1976ರ ರಮೋನ್ಸ್ ತಂಡದ ಮೊದಲ ಆಲ್ಬಂ 14 ಹಾಡುಗಳನ್ನು ಅರ್ಧ ತಾಸಿನೊಳಗೆ ಮುಗಿಸುತ್ತದೆ. ನಿಮಿಷಕ್ಕೆ 175 ಬಡಿತದ ಲಯದಲ್ಲಿ ಬಡಿತಕ್ಕೆ ಎರಡರಂತೆ, ಎಲ್ಲವನ್ನೂ ಮೇಲಿನಿಂದ ಕೆಳಕ್ಕೇ ಮೀಟಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಆರು ಏಟು, ಎರಡು ನಿಮಿಷದ ಒಂದು ಹಾಡಿಗೆ 700 ಏಟು. ಬೆರಳಿನಿಂದ ಈ ಹರಿತ ಬರುವುದಿಲ್ಲ, ಒಂದು ಮಿಲಿಮೀಟರ್ ದಪ್ಪದ ಪಿಕ್, ಅಂದರೆ ಮೀಟುವ ಬಿಲ್ಲೆ, ಬೇಕು. ಇಷ್ಟು ಏಟು ತಿನ್ನುವ ತಂತಿ ಫ್ರೆಟ್ಟುಗಳಿಗೆ ಬಡಿಯದಂತೆ ಅದರ ಎತ್ತರವನ್ನು ತುಸು ಹೆಚ್ಚೇ ಇಡಬೇಕಾಗುತ್ತದೆ. 17ನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿಗೆ 2.4 ಮಿಲಿಮೀಟರಿಗಿಂತ ಕೆಳಗೆ ನಾನು ಇಳಿಸುವುದಿಲ್ಲ. ತಂತಿಗಳು ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ 45ರಿಂದ 105ರ ದಪ್ಪದವಾಗಿದ್ದು, ಹೊರಸುತ್ತು ದುಂಡಾಗಿರುವ ರೌಂಡ್‌ವೂಂಡ್ ಆಗಿರಬೇಕು. ಚಪ್ಪಟೆ ಸುತ್ತಿನವು ಬೆರಳಿಗೆ ಹಿತ, ನಾದ ಮಾತ್ರ ಮಂಕು. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸದಿದ್ದರೆ ಬೆವರು ಅವುಗಳನ್ನು ತಿಂಗಳೊಳಗೆ ಕೊಂದುಹಾಕುತ್ತದೆ.

ನುಡಿಸಲು ಅಷ್ಟೇನೂ ಬಾರದವರು ಈ ಮಾತಿಗೆಲ್ಲ ಹೆದರಬೇಕಾಗಿಲ್ಲ. ಸಿಮೊನನ್ ಚಿತ್ರಕಲೆ ಕಲಿಯಲು ಹೋಗಿದ್ದವರು, ಶುರುವಿನಲ್ಲಿ ಸ್ವರಗಳ ಹೆಸರನ್ನು ಬೇಸಿನ ನೆಕ್ಕಿನ ಮೇಲೆಯೇ ಬರೆದುಕೊಂಡಿದ್ದರು. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಅವರು ಒಡೆದುಹಾಕಿದ ಪ್ರಿಸಿಶನ್ ಬೇಸ್ ಮುಂದೆ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು. ಟ್ರಿಬ್ಯೂಟ್ ಎಂದು ಆ ಕೆಲಸವನ್ನೂ ಅನುಕರಿಸುವ ಮನಸ್ಸಿದ್ದವರು ರಿಪೇರಿಗೆ ನನ್ನ ಹತ್ತಿರ ತರುವುದು ಬೇಡ.

ಹಣದ ಮಾತು. ಕೈಯಲ್ಲಿರುವುದು ಹತ್ತು ಪಾಲಾದರೆ ಬೇಸಿಗೆ ಆರು ಪಾಲು, ಆಂಪಿಗೆ ಮೂರು, ತಂತಿ ಮತ್ತು ಸೆಟಪ್ಪಿಗೆ ಒಂದು. ಫೆಂಡರ್ ಕಂಪನಿಯದೇ ಅಗ್ಗದ ಹೆಸರಾದ ಸ್ಕ್ವಯರಿನ ಪ್ರಿಸಿಶನ್, ಅಥವಾ ಒಡೆದ ಪಿಕಪ್ಪಿನ ಜೊತೆಗೆ ತಂತಿಗಳ ಬುಡದ ಬ್ರಿಜ್ಜಿನ ಬಳಿ ಇನ್ನೊಂದು ಪಿಕಪ್ ಇರುವ ಯಮಾಹಾ ಟಿಆರ್‌ಬಿಎಕ್ಸ್ 174, ಕಾಲೇಜು ತಂಡಕ್ಕೆ ಧಾರಾಳವಾಯಿತು. ಗಿಟಾರಿನ ಆಂಪಿಗೆ ಬೇಸ್ ಸಿಕ್ಕಿಸಿ ಜೋರಾಗಿ ನುಡಿಸಿದರೆ ಸ್ಪೀಕರಿನ ಕಾಗದ ಹರಿಯಬಹುದು. ಡ್ರಮ್ಮಿನ ಪಕ್ಕದಲ್ಲಿ ನಿಲ್ಲುವವರಿಗೆ 100 ವ್ಯಾಟಿಗಿಂತ ಕಡಿಮೆಯ ಬೇಸ್ ಆಂಪ್ ಸಾಲದು.

ಹುಡುಗರು ಐದು ತಂತಿಯದನ್ನು ಮಾರಿ, ಬೆಂಗಳೂರಿನಿಂದ ಯಾರೋ ಬಳಸಿದ್ದ ಪ್ರಿಸಿಶನ್ ಮಾದರಿಯ ಬೇಸೊಂದನ್ನು ತಂದರು. ಬಣ್ಣ ಬಿಳಿಯಲ್ಲ, ಇಟ್ಟಿಗೆಯ ಕೆಂಪು. ನಾನು ನೆಕ್ಕನ್ನು ನೇರ ಮಾಡಿ ಹೊಸ ತಂತಿ ಏರಿಸಿದೆ. ಐದನೆಯ ಫ್ರೆಟ್ಟಿನ ಸುತ್ತ ಜೋರಾಗಿ ಮೀಟಿದಾಗ ಮಾತ್ರ ದಪ್ಪ ತಂತಿ ಸಣ್ಣಗೆ ಜಿರ್ರೆನ್ನುತ್ತಿತ್ತು. ಅಂದು ಮಗನ ಜೊತೆಗೆ ತಂದೆಯೂ ಅಂಗಡಿಗೆ ಬಂದಿದ್ದರು. ಇನ್ನೆರಡು ಕೂದಲೆಳೆ ಎತ್ತರಿಸಿದರೆ ಆ ಸದ್ದು ಹೋಗುತ್ತದೆ ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಾಗ ಅವರು ಕೈ ಅಡ್ಡ ಮಾಡಿದರು. "ಬ್ಯಾಡ್ರಿ, ಇರ್ಲಿ. ತಂಬೂರಿಗೆ ದಾರ ಇಟ್ಟು ಜವಾರಿ ತಗೀತೀರಿ, ಇದಕ್ಕ ತಾನಾಗೇ ಬಂದದ." ತಂಬೂರಿಯ ತಂತಿ ಕುದುರೆಯ ಮೇಲೆ ಸವರಿ ಹುಟ್ಟುವ ಝೇಂಕಾರವೇ ಜವಾರಿ. ಮಗ ಪೂರ್ತಿ ದನಿಯಲ್ಲಿ ಇನ್ನೊಮ್ಮೆ ನುಡಿಸಿದ, ಆಂಪಿನೊಳಗಿಂದ ಬಂದಾಗ ಆ ಜಿರ್ರೆನ್ನುವುದು ಪಿಕ್ಕಿನ ಏಟಿನ ಜೊತೆ ಬೆರೆತು ಪ್ರತಿ ಸ್ವರದ ಮೊದಲಿಗೆ ಒಂದು ಅಂಚು ಕೊಡುತ್ತಿತ್ತು. ತಂತಿಯ ಎತ್ತರವನ್ನು 2.4ಕ್ಕೇ ಬಿಟ್ಟು ಬಿಲ್ ಬರೆದೆ.